ಅವರೆಯ ಸೊಗಡು, ಕಾಯಿಯ ಉಸಿರು

ಧನುರ್ಮಾಸದ ಚಳಿಯಲ್ಲಿ ಶ್ರೀರಂಗಪಟ್ಟಣದ ತರಕಾರಿ ಅಂಗಡಿಗಳ ಮುಂದೆ ಅವರೆಕಾಯಿಯ ರಾಶಿ ಬಿದ್ದಾಗ, ಕೊಳ್ಳಲು ಬಂದವರು ಬೆಲೆ ಕೇಳುವುದಕ್ಕೂ ಮೊದಲು ಒಂದು ಹಿಡಿ ಕಾಯಿ ಎತ್ತಿ ಮೂಸುತ್ತಾರೆ. ತಾಜಾತನವನ್ನು ಅಳೆಯಲು ಇದಕ್ಕಿಂತ ನಂಬಿಕಸ್ತ ವಿಧಾನ ಸಂತೆಯಲ್ಲಿ ಬೇರೆ ಇಲ್ಲವೆನ್ನಬಹುದು.

ಸೊಗಡಿನ ಮೂಲವಿರುವುದು ಕಾಳಿನಲ್ಲಲ್ಲ, ಸಿಪ್ಪೆಯ ಮೇಲೆ. ಅಲ್ಲಿ ಒಸರುವ ಜಿಡ್ಡಿನಲ್ಲಿ ಕೊಬ್ಬಿನಾಮ್ಲಗಳ ಜಾತಿಗೆ ಸೇರಿದ ವಸ್ತುಗಳಿವೆ. ನಾಗಮಂಗಲ, ಕೆ.ಆರ್. ಪೇಟೆ ಕಡೆಯ ರಾಗಿ ಹೊಲಗಳ ಅಕ್ಕಡಿ ಸಾಲಿನಲ್ಲಿ ಬೆಳೆಯುವ ನಾಟಿ ಅವರೆ ಹಗಲು ಕಿರಿದಾದಾಗ ಮಾತ್ರ ಹೂಬಿಡುವ ಗಿಡವಾದ್ದರಿಂದ ಅದರ ಕಾಯಿ ಚಳಿಗಾಲಕ್ಕೇ ಬರುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ ತಳಿಗಳು ಹಗಲಿನ ಉದ್ದಕ್ಕೆ ಕಾಯದೆ ವರ್ಷವಿಡೀ ಕಾಯಿ ಕೊಡುತ್ತವೆ. ಆದರೆ ನಾಟಿ ಕಾಯಿಯ ಗಾಢ ಸೊಗಡು ಅವಕ್ಕಿಲ್ಲವೆಂಬುದು ತಿಂದವರ ಅನುಭವ.

ಕಿತ್ತ ಕಾಯಿ ಸತ್ತ ಕಾಯಿಯಲ್ಲ. ಬೇರಿನಿಂದ ನೀರು ಬರುವುದು ನಿಂತರೂ ಅದು ಉಸಿರಾಡುತ್ತಲೇ ಇದ್ದು, ತನ್ನೊಳಗಿನ ಸಕ್ಕರೆಯನ್ನು ಸುಟ್ಟು ಶಾಖವನ್ನು ಹೊರಬಿಡುತ್ತದೆ. ರಾತ್ರಿಯೆಲ್ಲ ಬಿಗಿಯಾಗಿ ಕಟ್ಟಿಟ್ಟ ಮೂಟೆಯ ನಡುವೆ ಕೈ ತೂರಿಸಿದರೆ ತಗಲುವ ಬಿಸುಪು ಇದೇ. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಈ ಉಸಿರಾಟ ಎರಡು-ಮೂರು ಪಟ್ಟಾಗುತ್ತದೆ. ಬೆಳಿಗ್ಗೆ ಕಿತ್ತು ನೆರಳಿನಲ್ಲಿ ಹರಡಿದ ಕಾಯಿಗೂ ಮೂಟೆಯಲ್ಲಿ ಬೆಂದ ಕಾಯಿಗೂ ರುಚಿಯಲ್ಲಿ ಅಷ್ಟೊಂದು ಅಂತರ ಬರುವುದು ಅದಕ್ಕಾಗಿ. ಇದೇ ಹೊತ್ತಿನಲ್ಲಿ ಕಾಳಿನ ಸಕ್ಕರೆ ಪಿಷ್ಟವಾಗುತ್ತಾ ಹೋಗಿ ಸಿಹಿ ಇಳಿಯುತ್ತದೆ.

ಇತ್ತ ನೀರೂ ಆವಿಯಾಗುತ್ತಿರುತ್ತದೆ. ಜೀವಕೋಶಗಳು ನೀರು ತುಂಬಿ ಬಿಗಿದುಕೊಂಡಿರುವ ತನಕ ಕಾಯಿ ಮುರಿದರೆ ಲಟಕ್ಕೆಂದು ಮುರಿಯುತ್ತದೆ. ತೂಕದಲ್ಲಿ ನೂರಕ್ಕೆ 5ರಿಂದ 10ರಷ್ಟು ನೀರು ಹೋದರೆ ಬಹುತೇಕ ತರಕಾರಿಗಳು ಬಾಡಿ ಬಳುಕುತ್ತವೆ. ಬೆಂಡೆಕಾಯಿಯ ತುದಿ ಮುರಿದು ನೋಡುವುದರ ಹಿಂದೆ ಇನ್ನೊಂದು ಕಾರಣವೂ ಸೇರಿದೆ: ಅಲ್ಲಿ ಬಿಗಿಯ ಜೊತೆಗೆ ಎಳಸುತನವೂ ತಿಳಿಯುತ್ತದೆ, ಬಲಿತ ಕಾಯಿಯ ನಾರು ಮುರಿಯದೆ ಬಾಗುತ್ತದೆ. ನೀರು ಚಿಮುಕಿಸಿ ಬಾಡಿದ ಸೊಪ್ಪನ್ನು ಒಂದಿಷ್ಟು ಹೊತ್ತು ನೆಟ್ಟಗೆ ನಿಲ್ಲಿಸಬಹುದು. ಅವರೆಯ ಸಿಪ್ಪೆಗೆ ಹೊಳಪನ್ನೂ ತರಬಹುದು. ಆರಿಹೋದ ಸೊಗಡು ಮಾತ್ರ ನೀರು ಚಿಮುಕಿಸಿದರೂ ಮರಳುವುದಿಲ್ಲ, ಮೂಗು ಕಣ್ಣಿಗಿಂತ ಮೇಲಾಗುವುದು ಇಲ್ಲಿಯೇ.

ಸುಲಿದು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿದ ಕಾಳಿಗೆ ಈ ಪರೀಕ್ಷೆ ಸಲ್ಲದು. ಸಿಪ್ಪೆಯ ಜೊತೆಗೇ ಸಾಕ್ಷಿಯೂ ಹೋಗಿರುತ್ತದೆ. ಕವರಿನ ಒಳಗೆ ಬೆವರು, ಅಂಟಂಟಾದ ಕಾಳು, ಹುಳಿ ವಾಸನೆ ಇವಿಷ್ಟೇ ಉಳಿದ ಸುಳಿವುಗಳು. ಹಳ್ಳಿಯ ಹಿರಿಯರು ಈಗಲೂ ಕಾಯಿಯನ್ನೇ ಕೊಂಡು ತಂದು, ರಾತ್ರಿ ಊಟವಾದ ಮೇಲೆ ಮನೆಮಂದಿಯೆಲ್ಲ ಕೂತು ಸುಲಿಯುತ್ತಾರೆ. ಬೆರಳಿಗೆ ಹತ್ತಿದ ಆ ಜಿಡ್ಡು ಸೋಪು ಹಾಕಿ ತೊಳೆದರೂ ಬೆಳಗಿನವರೆಗೆ ಘಮ್ಮೆನ್ನುತ್ತಿರುತ್ತದೆ.