ಬೋವಾ ಸೋಮಾರಿಯಲ್ಲ

ಅಮೆರಿಕ, ಬ್ರಿಟನ್, ಜರ್ಮನಿಗಳಲ್ಲಿ ಹಾವು ಸಾಕುವುದು ಹೊಸ ಹವ್ಯಾಸವೇನಲ್ಲ. ಅಲ್ಲಿನ ಮನೆಗಳಲ್ಲಿ ಬೋವಾ ಕನ್‌ಸ್ಟ್ರಿಕ್ಟರ್ ಮೇಲೊಂದು ದೂರಿದೆ: ತಿನ್ನುತ್ತದೆ, ಸುರುಳಿ ಸುತ್ತಿ ಬಿದ್ದಿರುತ್ತದೆ, ಅಷ್ಟೆ. ತಪ್ಪು ಹಾವಿನದಲ್ಲ, ಅದನ್ನಿಟ್ಟ ಪೆಟ್ಟಿಗೆಯದು.

ಬೋವಾ ತನ್ನ ಮೈಬಿಸಿಯನ್ನು ತಾನೇ ಕಾಯ್ದುಕೊಳ್ಳಲಾರದು. ದಕ್ಷಿಣ ಅಮೆರಿಕದ ಕಾಡಿನಲ್ಲಿ ಬೇಕೆಂದಾಗ ಬಿಸಿಲಿಗೆ ಬರುತ್ತದೆ, ಸಾಕೆನಿಸಿದಾಗ ನೆರಳಿಗೆ ಸರಿಯುತ್ತದೆ. ಮನೆಯಲ್ಲೂ ಅದಕ್ಕೆ ಈ ಆಯ್ಕೆ ಇರಬೇಕು. ಪೆಟ್ಟಿಗೆಯ ಒಂದು ತುದಿ 31ರಿಂದ 33 ಡಿಗ್ರಿ ಸೆಲ್ಸಿಯಸ್, ಇನ್ನೊಂದು ತುದಿ 25ರಿಂದ 27. ಎರಡೂ ಕಡೆ ಅವಿತುಕೊಳ್ಳಲು ಗೂಡು. ಗೂಡು ಬಿಸಿ ಕಡೆ ಮಾತ್ರ ಇದ್ದರೆ ಹಾವು ಸೆಕೆಯಾದರೂ ಸಹಿಸಿಕೊಂಡು ಅಲ್ಲೇ ಅಡಗುತ್ತದೆ. ಎರಡು ತುದಿಗಳ ನಡುವಿನ ಈ ಓಡಾಟವೇ ಅದರ ಮೊದಲ ವ್ಯಾಯಾಮ.

ಶಾಖ ಸಾಲದಿದ್ದರೆ ನುಂಗಿದ ಇಲಿ ಅರಗುವುದಿಲ್ಲ. ಕೆಲವು ದಿನಗಳಲ್ಲಿ ವಾಂತಿಯಾಗಿ ಹೊರಬರುತ್ತದೆ. ಚಳಿಯಲ್ಲೇ ಇಟ್ಟರೆ ಶ್ವಾಸಕೋಶದ ಸೋಂಕು ಬರುತ್ತದೆ. ಮೂಗಿನ ಹೊಳ್ಳೆಯಲ್ಲಿ ಗುಳ್ಳೆ, ಉಸಿರಿನಲ್ಲಿ ಸಿಳ್ಳೆಯಂಥ ಸದ್ದು, ತಲೆ ಮೇಲೆತ್ತಿ ಬಾಯಿ ತೆರೆಯುವುದು ಕಂಡರೆ ಪಶುವೈದ್ಯರ ಹತ್ತಿರ ಹೋಗಲು ತಡಮಾಡಬಾರದು.

ಹಾಗೆಂದು ಬಿಸಿಯನ್ನು ಹೇಗೆ ಬೇಕಾದರೂ ಕೊಡುವಂತಿಲ್ಲ. ಅಂಗಡಿಯಲ್ಲಿ ಸಿಗುವ ಬಿಸಿಯಾಗುವ ಕೃತಕ ಕಲ್ಲು ನನ್ನ ದೃಷ್ಟಿಯಲ್ಲಿ ಮಾರಲೇಬಾರದ ವಸ್ತು. ಹೊಟ್ಟೆಯಡಿ ಚರ್ಮ ಸುಡುತ್ತಿದ್ದರೂ ಹಾವು ಬೇಗ ಸರಿಯುವುದಿಲ್ಲ; ಗಾಯ ಕಣ್ಣಿಗೆ ಬೀಳುವಷ್ಟರಲ್ಲಿ ಆಳಕ್ಕಿಳಿದಿರುತ್ತದೆ. ಮೇಲಿನಿಂದ ಶಾಖ ಕೊಡುವ ದೀಪ, ಹಾವು ಸುತ್ತಿಕೊಳ್ಳದಂತೆ ಅದಕ್ಕೊಂದು ಜಾಲರಿ, ಜೊತೆಗೆ ಥರ್ಮೋಸ್ಟಾಟ್ ಇರಲೇಬೇಕು. ತಾಪ ಅಳೆಯಬೇಕಾದ್ದು ಹಾವು ಮಲಗುವ ಜಾಗದಲ್ಲಿ, ಗೋಡೆಯ ಮೇಲಲ್ಲ.

ಇನ್ನು ಮೈ. ಆರೋಗ್ಯವಂತ ಬೋವಾವನ್ನು ಕೈಯಲ್ಲಿ ಹಿಡಿದರೆ ಬೆನ್ನೆಲುಬಿನ ಇಕ್ಕೆಲದ ಸ್ನಾಯುಗಳು ಗಟ್ಟಿಯಾಗಿ ಸಿಗುತ್ತವೆ. ಕೊಬ್ಬಿದ ಹಾವು ಬಳುಕಿದಾಗ ಪಕ್ಕೆಯಲ್ಲಿ ಮಡಿಕೆ ಬೀಳುತ್ತದೆ, ಹುರುಪೆಗಳ ನಡುವಿನ ಚರ್ಮ ಕಾಣುತ್ತದೆ, ಬಾಲದ ಬುಡ ಊದಿಕೊಂಡಿರುತ್ತದೆ. ಹಾಕಿದಾಗಲೆಲ್ಲ ತಿನ್ನುತ್ತದೆಂದು ವಾರವಾರವೂ ಇಲಿ ಕೊಡುವವರ ಮನೆಯಲ್ಲಿ ಇಂಥವೇ ಹೆಚ್ಚು. ಬೆಳೆದ ಬೋವಾಗೆ ಮೂರು-ನಾಲ್ಕು ವಾರಕ್ಕೊಂದು ಊಟ ಸಾಕು.

ಮರಿಗಳು ಸಲೀಸಾಗಿ ಮರ ಹತ್ತುತ್ತವೆ. ದೊಡ್ಡವೂ ಹತ್ತುತ್ತವೆ, ಕೊಂಬೆ ತಮ್ಮ ಮೈಯಷ್ಟು ದಪ್ಪವಿದ್ದು ಅಲುಗಾಡದಂತೆ ಬಿಗಿದಿದ್ದರೆ. ಕೊಂಬೆಗಳ ಸ್ಥಳವನ್ನು ಆಗಾಗ ಬದಲಿಸಿದರೆ ಹಾವು ನಾಲಿಗೆ ಚಾಚುತ್ತಾ ಇಡೀ ಪೆಟ್ಟಿಗೆಯನ್ನು ಮತ್ತೆ ಶೋಧಿಸುತ್ತದೆ. ಹೊರಗೆ ಬಿಟ್ಟು ಆಡಿಸುವುದೂ ಒಳ್ಳೆಯದೇ. ಆದರೆ ಊಟವಾದ ಮೇಲೆ ಕನಿಷ್ಠ ಎರಡು ದಿನ ಮುಟ್ಟಬಾರದು. ದೊಡ್ಡ ಹಾವನ್ನು ಒಬ್ಬರೇ ಇದ್ದಾಗ ಎತ್ತಬಾರದು.

ಭಾರತದಲ್ಲಿ ಬೋವಾ ಇಟ್ಟುಕೊಂಡವರು ವನ್ಯಜೀವಿ ಸಂರಕ್ಷಣಾ ಕಾಯ್ದೆಯ 2022ರ ತಿದ್ದುಪಡಿಯಂತೆ ಅದನ್ನು ನೋಂದಾಯಿಸಬೇಕು. ನಮ್ಮ ಮಣ್ಣುಮುಕ್ಕ ಹಾವನ್ನಂತೂ ಅದೃಷ್ಟದ ನೆಪದಲ್ಲಿ ಸಾಕುವುದೂ ಮಾರುವುದೂ ಅಪರಾಧ.

ಕೊಳ್ಳುವ ಮುನ್ನ ಆಯುಸ್ಸಿನ ಲೆಕ್ಕವೂ ಇರಲಿ. ಫಿಲಡೆಲ್ಫಿಯಾ ಮೃಗಾಲಯದ 'ಪಾಪಾಯ್' ಎಂಬ ಬೋವಾ 1977ರಲ್ಲಿ ಸತ್ತಾಗ ಅದಕ್ಕೆ ನಲವತ್ತು ದಾಟಿತ್ತು. ಮನೆಗಳಲ್ಲೂ ಇಪ್ಪತ್ತು ವರ್ಷ ಬದುಕುವುದು ಸಾಮಾನ್ಯ. ಹಾವು ಮೈ ನೀಳವಾಗಿ ಚಾಚುವಷ್ಟು, ಅಂದರೆ ಆರರಿಂದ ಎಂಟಡಿ ಉದ್ದದ ಪೆಟ್ಟಿಗೆಗೆ ಮನೆಯಲ್ಲಿ ಜಾಗವಿಲ್ಲದವರು ಬೋವಾ ಕೊಳ್ಳದಿರುವುದೇ ಸರಿ.