ಮಂಗಕ್ಕೆ ಹುಲಿ ಗೊಂಬೆ: ಹುಲ್ಲು, ಹಾಳೆ, ಹಳೇ ಬಟ್ಟೆಯಲ್ಲಿ ನೀವೇ ಮಾಡಿ

ಎನ್.ಆರ್.ಪುರ: ಬಾಳೆಗೊನೆ ಬಲಿಯೋ ಮೊದಲೇ ಮಂಗಗಳ ಪಾಲು, ಎಳೆ ಅಡಿಕೆ ನೆಲದ ಪಾಲು. ತಾಲ್ಲೂಕಿನ ತೋಟದ ಮನೆಗಳಲ್ಲಿ ಇದು ದಿನದ ಗೋಳು. ಪಟಾಕಿ ಹೊಡೆದು ಸಾಕಾಗಿ ಹುಲಿ ಗೊಂಬೆ ತಂದಿಟ್ಟವರೂ ಇದ್ದಾರೆ. ಆದರೆ ಗೊಂಬೆಯ ಬಣ್ಣ ಬೇಗ ಮಾಸುತ್ತೆ. ಅದಕ್ಕೇ ತೀರ್ಥಹಳ್ಳಿ ತಾಲ್ಲೂಕಿನ ನಾಲೂರಿನ ರೈತರೊಬ್ಬರು ತಮ್ಮ ನಾಯಿಗೇ ಹುಲಿ ಪಟ್ಟೆ ಬಳಿದಿದ್ದು 2019ರಲ್ಲಿ ದೇಶಕ್ಕೆಲ್ಲ ಸುದ್ದಿಯಾಗಿತ್ತು.

ನಾಯಿಗೆ ಬಣ್ಣ ಹಚ್ಚೋದು ಬೇಡ. ಮಳೆ ಬಿಸಿಲು ತಡೆಯೋ ಹಗುರ ಗೊಂಬೆಯನ್ನ ಮನೆಯಲ್ಲೇ ಮಾಡಬಹುದು. ಮೆತ್ತನೆ ಸಾಮಾನು ತುಂಬಿ, ಕಟ್ಟಿ, ಹೊಲಿದು ಆಕಾರ ಕೊಡೋ ಈ ಕೆಲಸಕ್ಕೆ ಕಲಾ ಶಾಲೆಗಳಲ್ಲಿ ‘ಸಾಫ್ಟ್ ಸ್ಕಲ್ಪ್ಚರ್’ ಅಂತಾರೆ. ಅಮೆರಿಕದ ಕಲಾವಿದ ಕ್ಲೇಸ್ ಓಲ್ಡನ್‌ಬರ್ಗ್ 1962ರಲ್ಲಿ ಕ್ಯಾನ್ವಾಸ್ ಬಟ್ಟೆಯೊಳಗೆ ಫೋಮ್ ತುಂಬಿ ಆಳೆತ್ತರಕ್ಕಿಂತ ಅಗಲದ ಬರ್ಗರ್ ಮಾಡಿ ಹೆಸರಾದರು. ನಮ್ಮ ಗದ್ದೆಯ ಬೆರ್ಚಪ್ಪ ಅದಕ್ಕಿಂತ ಹಳಬ.

ಎಲುಬು: ಬಿದಿರು ದಬ್ಬೆಯಲ್ಲಿ ಬೆನ್ನು, ನಾಲ್ಕು ಕಾಲು ಮಾಡಿ ಕಟ್ಟುವ ತಂತಿಯಿಂದ ಬಿಗಿಯಿರಿ. ಉದ್ದ ನಾಲ್ಕು ಅಡಿ ಸಾಕು.

ಹೊಟ್ಟೆ: ಮುಚ್ಚಳ ಹಾಕಿದ ಖಾಲಿ ನೀರಿನ ಬಾಟಲಿಗಳನ್ನ ನಡುವೆ ಇಟ್ಟು, ಸುತ್ತ ಒಣಹುಲ್ಲು ಸುತ್ತಿ. ಹುಲ್ಲು ಚೆನ್ನಾಗಿ ಒಣಗಿರಬೇಕು, ಹಸಿ ಇದ್ದರೆ ಒಳಗೇ ಕೊಳೆಯುತ್ತೆ. ಹಾಸಿಗೆಯ ಸ್ಪಂಜು ಬೇಡ, ನೀರು ಕುಡಿದು ಭಾರ ಆಗುತ್ತೆ. ಕಾಡಿನ ದರಗನ್ನಂತೂ ತುಂಬಲೇಬೇಡಿ. ಅದರಲ್ಲಿ ಉಣುಗು ಇರುತ್ತೆ, ಮಂಗನ ಕಾಯಿಲೆ ಮನುಷ್ಯರಿಗೆ ಬರೋದು ಉಣುಗು ಕಚ್ಚಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಕಾಯಿಲೆ ನಮ್ಮ ತಾಲ್ಲೂಕಿಗೂ ಬಂದಿದೆ.

ಒಳ ಚರ್ಮ: ಹುಲ್ಲಿನ ಮೇಲೆ ಗೊಬ್ಬರದ ಚೀಲ ಹೊದಿಸಿ, ದಬ್ಬಣದಲ್ಲಿ ನೈಲಾನ್ ದಾರ ಹಾಕಿ ಹೊಲಿಯಿರಿ. ಯೂರಿಯಾ ಚೀಲ ಆದರೆ ಮೊದಲು ತೊಳೆಯಿರಿ, ಆ ನೀರು ದನ ಕುಡಿಯಬಾರದು. ಹೊಟ್ಟೆಯ ಕೆಳಗೆ ನಾಲ್ಕು ತೂತು ಇರಲಿ, ಒಳಗೆ ಹೋದ ನೀರು ಇಳಿದು ಹೋಗುತ್ತೆ.

ಮುಖ: ಇಲ್ಲಿ ಅಡಿಕೆ ಹಾಳೆಯನ್ನ ಮೀರಿಸೋ ಸಾಮಾನಿಲ್ಲ. ನೀರಲ್ಲಿ ನೆನೆಸಿದರೆ ಹಾಳೆ ಮೆತ್ತಗಾಗಿ ಹೇಳಿದ ಹಾಗೆ ಬಾಗುತ್ತೆ, ಒಣಗಿದ ಮೇಲೆ ಅದೇ ಆಕಾರದಲ್ಲಿ ನಿಲ್ಲುತ್ತೆ. ನೆನೆದ ಹಾಳೆಯನ್ನ ಬಿಂದಿಗೆ ಮೇಲೆ ಬಿಗಿದು ಕಟ್ಟಿ ಒಣಗಲು ಬಿಡಿ. ಉಳಿದ ತುಂಡಲ್ಲಿ ಕಿವಿ ಮಾಡಿ. ಬಾಳೆಪಟ್ಟೆ ಹೊಸೆದರೆ ಬಾಲ.

ಹೊರ ಚರ್ಮ: ಬರೀ ಪ್ಲಾಸ್ಟಿಕ್ ಚೀಲ ಬಿಸಿಲಿಗೆ ಪುಡಿಯಾಗಿ ತೋಟದ ಮಣ್ಣು ಸೇರುತ್ತೆ. ಅದಕ್ಕೆ ಮೇಲೆ ಹಳದಿ ಬಟ್ಟೆ ಹೊಲಿಯಬೇಕು. ಟೈಲರ್ ಅಂಗಡಿಯಲ್ಲಿ ತುಂಡು ಬಟ್ಟೆ ಕೇಳಿ ನೋಡಿ. ಪಟ್ಟೆಗೆ ಗೇಟಿಗೆ ಹೊಡೆಯೋ ಆಯಿಲ್ ಪೇಂಟ್ ತೆಳ್ಳಗೆ ಹಚ್ಚಿ. ನೀರಿನ ಬಣ್ಣ ಮೊದಲ ಮಳೆಗೇ ಇಳಿಯುತ್ತೆ.

ಎಲ್ಲ ಮುಗಿದ ಮೇಲೆ ಒಂದೇ ಕೈಯಲ್ಲಿ ಎತ್ತಿ ನೋಡಿ. ಎತ್ತೋಕೆ ಆಗದಿದ್ದರೆ ಹುಲ್ಲು ಕಡಿಮೆ ಮಾಡಿ. ಇಷ್ಟು ಹಗುರ ಯಾಕೆ ಅಂದರೆ, ಹುಲಿ ಒಂದೇ ಕಡೆ ಕೂತರೆ ಮಂಗ ಕೆಲವೇ ದಿನದಲ್ಲಿ ಗುಟ್ಟು ತಿಳ್ಕೊಂಡು ಅದರ ತಲೆ ಮೇಲೇ ಕೂರುತ್ತೆ. ಎರಡು ದಿನಕ್ಕೊಮ್ಮೆ ಜಾಗ ಬದಲಿಸಿ, ಇವತ್ತು ಬೇಲಿ ಹತ್ತಿರ ಇಟ್ಟರೆ ನಾಡಿದ್ದು ಬಾಳೆ ಬುಡದಲ್ಲಿಡಿ. ನಡುವೆ ಒಂದೆರಡು ದಿನ ಕೊಟ್ಟಿಗೆಯೊಳಗೆ ಬಚ್ಚಿಡೋದನ್ನೂ ಮರೀಬೇಡಿ.