ಕುಡುಗೋಲಿನಿಂದ ತಿರುಗುವ ಅಲಗಿನವರೆಗೆ: ಸಣ್ಣ ಟ್ರ್ಯಾಕ್ಟರಿನ ಹುಲ್ಲು ಕೊಯ್ಯುವ ಯಂತ್ರದ ಬಳಕೆ ಮತ್ತು ಪಾಲನೆ

೧

ಇತಿಹಾಸ ವಿಭಾಗದ ವಾರ್ಷಿಕ ಸಂಚಿಕೆಯಲ್ಲಿ ಹುಲ್ಲು ಕೊಯ್ಯುವ ಯಂತ್ರದ ವಿಚಾರಕ್ಕೆ ಎಡೆ ಎಲ್ಲಿ ಎಂದು ಕೆಲವರಿಗೆ ಅನ್ನಿಸಬಹುದು. ಶಾಸನ, ನಾಣ್ಯ, ದೇವಾಲಯಗಳು ಹೇಗೋ ಹಾಗೆಯೇ ಜನರು ನಿತ್ಯವೂ ಕೈಯಲ್ಲಿ ಹಿಡಿಯುವ ಉಪಕರಣವೂ ಇತಿಹಾಸದ ಆಕರವೇ. ಅಲ್ಲದೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಕಡೆಯಿಂದ ಕಾಲೇಜಿಗೆ ಬರುವ ವಿದ್ಯಾರ್ಥಿಗಳಲ್ಲಿ ಎಷ್ಟೋ ಮಂದಿ ರಜೆಯ ದಿನ ಮನೆಯ ತೋಟದಲ್ಲಿ ಈ ಯಂತ್ರವನ್ನು ತಾವೇ ನಡೆಸುವವರು. ಅದನ್ನು ಹೇಗೆ ನಡೆಸಬೇಕು, ಹೇಗೆ ಕಾಪಾಡಬೇಕು ಎಂಬುದನ್ನು ತಿಳಿಸುವುದು ಈ ಲೇಖನದ ಒಂದು ಉದ್ದೇಶ. ಆ ತಿಳಿವಳಿಕೆ ಇಂದು ಏಕೆ ದುರ್ಲಭವಾಗಿದೆ ಎಂಬುದನ್ನು ವಿಚಾರಿಸುವುದು ಇನ್ನೊಂದು.

ಈ ನಾಲ್ಕು ತಾಲ್ಲೂಕುಗಳು ಇಂದು ದಾವಣಗೆರೆ ಜಿಲ್ಲೆಗೆ ಸೇರಿದ್ದರೂ ಅವುಗಳ ಪೂರ್ವಚರಿತ್ರೆ ಒಂದೇ ಅಲ್ಲ. ೧೯೯೭ರಲ್ಲಿ ಜಿಲ್ಲೆ ರಚಿತವಾದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗೆಯಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದುವು. ೨೦೧೭ರಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳಲ್ಲಿ ಒಂದಾಗಿ ನ್ಯಾಮತಿಯು ಹೊನ್ನಾಳಿಯಿಂದ ಬೇರ್ಪಟ್ಟಿತು. ಭೂಮಿಯ ಸ್ವರೂಪವೂ ಒಂದೇ ತೆರನಲ್ಲ. ಚನ್ನಗಿರಿ ಸೂಳೆಕೆರೆಯ ಮತ್ತು ಅಡಿಕೆಯ ಸೀಮೆ; ಹೊನ್ನಾಳಿ ತುಂಗಭದ್ರೆಯ ದಂಡೆಯ ಊರು; ಹೊನ್ನಾಳಿ, ನ್ಯಾಮತಿಗಳಲ್ಲಿ ಮೆಕ್ಕೆಜೋಳದ ಹೊಲಗಳೂ ಅಡಿಕೆಯ ತೋಟಗಳೂ ಅಕ್ಕಪಕ್ಕದಲ್ಲಿಯೇ ಇವೆ; ಜಗಳೂರು ಮಳೆಗೆ ಕಾಯುವ ಬಯಲುಸೀಮೆ. ಆದುದರಿಂದ ಒಂದೇ ಯಂತ್ರವು ಈ ನಾಲ್ಕು ಕಡೆಗಳಲ್ಲಿಯೂ ಒಂದೇ ರೀತಿಯಾಗಿ ಉಪಯುಕ್ತವಾಗಲಾರದು.

೨

ಈ ಸೀಮೆಯಲ್ಲಿ ಹುಲ್ಲು ಬಹುಕಾಲ ಸಂಪತ್ತಾಗಿದ್ದಿತು. ಮೈಸೂರಿನ ಚಿಕ್ಕದೇವರಾಜ ಒಡೆಯರ (೧೬೭೩–೧೭೦೪) ಕಾಲದ ಬೆಣ್ಣೆ ಚಾವಡಿಯೇ ಟೀಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರನ್ನು ಪಡೆಯಿತು. ಆ ತಳಿಯ ಎತ್ತುಗಳು ಸೈನ್ಯದ ಫಿರಂಗಿಗಳನ್ನು ಎಳೆದುವು. ಅವುಗಳ ಮೇವಿಗಾಗಿ ಚಿತ್ರದುರ್ಗ, ಕಡೂರು, ಹಾಸನ, ತುಮಕೂರುಗಳ ಕಡೆ ‘ಕಾವಲು’ಗಳೆಂಬ ವಿಶಾಲವಾದ ಹುಲ್ಲುಗಾವಲುಗಳನ್ನು ಮೀಸಲಿಟ್ಟು, ಋತುವಿಗೆ ತಕ್ಕಂತೆ ದನಗಳನ್ನು ಒಂದರಿಂದ ಮತ್ತೊಂದಕ್ಕೆ ಹೊಡೆಯಲಾಗುತ್ತಿತ್ತು. ಹುಲ್ಲಿನ ಆಡಳಿತವು ರಾಜ್ಯದ ಆಡಳಿತದ ಅಂಗವೇ ಆಗಿದ್ದಿತು. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪವು ಸಂತ ಸೇವಾಲಾಲರ ಜನ್ಮಸ್ಥಳವೆಂದು ಬಂಜಾರರ ಯಾತ್ರಾಸ್ಥಳವಾಗಿದೆ. ಹೇರೆತ್ತುಗಳ ಮೇಲೆ ಧಾನ್ಯವನ್ನೂ ಉಪ್ಪನ್ನೂ ಸಾಗಿಸುತ್ತಿದ್ದ ಆ ಜನರ ವ್ಯಾಪಾರಮಾರ್ಗಗಳು ದಾರಿಯುದ್ದಕ್ಕೂ ಸಿಗುವ ನೀರು ಮತ್ತು ಹುಲ್ಲುಗಳನ್ನೇ ಅವಲಂಬಿಸಿದ್ದುವು.

ಹುಲ್ಲು ಮೇವಾಗಿದ್ದ ಕಾಲಕ್ಕೆ ಕುಡುಗೋಲು ತಕ್ಕ ಉಪಕರಣವಾಗಿತ್ತು. ಎಡಗೈ ಹುಲ್ಲಿನ ಹಿಡಿಯನ್ನು ಹಿಡಿಯುವುದು, ಬಲಗೈ ಕೊಯ್ಯುವುದು, ಕೊಯ್ದ ಹಿಡಿ ಕೆಡದೆ ಹೊರೆಯಾಗಿ ಬಣವೆಗೆ ಸೇರುವುದು. ಅದರ ಬಾಯಿ ಮೊಂಡಾದರೆ ಊರ ಕಮ್ಮಾರನು ಕುಲುಮೆಯಲ್ಲಿ ಕಾಯಿಸಿ, ತಟ್ಟಿ, ಸಾಣೆಹಿಡಿದು ಕೊಡುತ್ತಿದ್ದನು. ಆತನು ಆಯಗಾರರಲ್ಲಿ ಒಬ್ಬನು. ಸುಗ್ಗಿಯ ಕಣದಲ್ಲಿ ರೈತನು ಅವನ ಪಾಲಿನ ಧಾನ್ಯವನ್ನು ಅಳೆದು ಕೊಟ್ಟರೆ ವರ್ಷವಿಡೀ ಉಪಕರಣಗಳ ದುರಸ್ತಿ ಅವನ ಹೊಣೆ. ಎಂದರೆ ಅಲಗನ್ನು ಹರಿತವಾಗಿಡುವ ಕೆಲಸಕ್ಕೆ ಗ್ರಾಮದಲ್ಲಿ ಒಂದು ಸಂಸ್ಥೆಯೇ ಇದ್ದಿತು.

ತಿರುಗುವ ಯಂತ್ರದ ಹುಟ್ಟು ಬೇರೆಯೇ ಪರಿಸರದಲ್ಲಿ ಆದುದು. ೧೮೩೦ರಲ್ಲಿ ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ ಎಂಬಾತನು, ಉಣ್ಣೆಬಟ್ಟೆಯ ಮೇಲಿನ ಜುಂಗನ್ನು ಸಮನಾಗಿ ಕತ್ತರಿಸುವ ಗಿರಣಿಯಂತ್ರವನ್ನು ಕಂಡು, ಅದೇ ತತ್ತ್ವದಿಂದ ಉದ್ಯಾನದ ಹುಲ್ಲನ್ನು ಕತ್ತರಿಸುವ ಉರುಳೆಯಂತ್ರಕ್ಕೆ ಹಕ್ಕುಪತ್ರವನ್ನು ಪಡೆದನು. ಅಲ್ಲಿ ಹುಲ್ಲು ಮೇವಲ್ಲ, ಅಂಗಳದ ಅಲಂಕಾರ. ಇಪ್ಪತ್ತನೆಯ ಶತಮಾನದಲ್ಲಿ ಉರುಳೆಯ ಜೊತೆಗೆ, ನೆಲಕ್ಕೆ ಸಮಾನಾಂತರವಾಗಿ ಗಿರ್ರನೆ ತಿರುಗುವ ಅಲಗಿನ ಯಂತ್ರಗಳು ಬಳಕೆಗೆ ಬಂದುವು. ನಮ್ಮ ತೋಟಗಳಿಗೆ ಬಂದಿರುವುದು ಈ ಎರಡನೆಯ ವಂಶದ ಯಂತ್ರ. ಹುಲ್ಲನ್ನು ಕೂಡಿಡುವುದು ಇದರ ಉದ್ದೇಶವಲ್ಲ. ಅದನ್ನು ಕೊಚ್ಚಿ ನೆಲಕ್ಕೆ ಚೆಲ್ಲುವುದೇ ಇದರ ಕೆಲಸ. ದನಗಳು ಕಡಮೆಯಾಗಿ, ಕೊಯ್ಯುವ ಕೈಗಳೂ ಕಡಮೆಯಾಗಿ, ಹುಲ್ಲು ಮೇವೆಂಬ ಹೆಸರನ್ನು ಬಿಟ್ಟು ಕಳೆಯೆಂಬ ಹೆಸರನ್ನು ಪಡೆದ ಮೇಲೆ ಈ ಯಂತ್ರಕ್ಕೆ ನಮ್ಮಲ್ಲಿ ಎಡೆ ದೊರೆಯಿತು.

೩

ಯಂತ್ರದ ರಚನೆ ಸರಳವಾದುದು. ಮಗುಚಿಟ್ಟ ಹರಿವಾಣದಂತಹ ಉಕ್ಕಿನ ಹೊದಿಕೆ. ಇದಕ್ಕೆ ಡೆಕ್ ಎಂದು ಹೆಸರು. ಅದರೊಳಗೆ ನೆಟ್ಟಗೆ ನಿಂತ ಅಚ್ಚು. ಅಚ್ಚಿನ ತುದಿಯಲ್ಲಿ ಅಲಗು. ಇದರಲ್ಲಿ ಮುಖ್ಯವಾಗಿ ಎರಡು ಬಗೆಗಳುಂಟು. ಟ್ರ್ಯಾಕ್ಟರಿನ ಹೊಟ್ಟೆಯ ಕೆಳಗೆ ತೂಗುವ, ಎರಡು ಮೂರು ಅಲಗುಗಳನ್ನು ಬೆಲ್ಟಿನಿಂದ ತಿರುಗಿಸುವ ಮೋವರ್ ಡೆಕ್ ಮೊದಲನೆಯದು. ಆಟದ ಬಯಲು, ಉದ್ಯಾನಗಳಿಗೆ ಇದು ತಕ್ಕುದು. ಟ್ರ್ಯಾಕ್ಟರಿನ ಹಿಂದೆ ಮೂರು ಕೊಂಡಿಗಳಿಗೆ ಸಿಕ್ಕಿಸುವ, ಗೇರುಪೆಟ್ಟಿಗೆಯಿಂದ ತಿರುಗುವ ಸ್ಲ್ಯಾಷರ್ ಎರಡನೆಯದು. ತೋಟಕ್ಕೂ ಹೊಲಕ್ಕೂ ಇದೇ ಹೆಚ್ಚು ಒಗ್ಗುವುದು. ಇದರ ಅಲಗುಗಳನ್ನು ಬಿಗಿಯಾಗಿ ಬಂಧಿಸದೆ ಬೋಲ್ಟಿನ ಸುತ್ತ ಆಡುವಂತೆ ಬಿಟ್ಟಿರುತ್ತಾರೆ. ಕಲ್ಲು ತಾಗಿದರೆ ಅಲಗು ಹಿಂದಕ್ಕೆ ಮಡಿಸಿಕೊಂಡು ಪೆಟ್ಟನ್ನು ತಪ್ಪಿಸಿಕೊಳ್ಳುವುದು.

ಕುಡುಗೋಲು ಹಿಡಿದು ಕೊಯ್ಯುವುದು. ಈ ಅಲಗು ಹೊಡೆದು ಕೊಯ್ಯುವುದು. ಹುಲ್ಲನ್ನು ಹಿಡಿದುಕೊಳ್ಳುವ ಎಡಗೈ ಇಲ್ಲಿಲ್ಲ. ಹುಲ್ಲು ಬಾಗುವುದಕ್ಕೆ ಮೊದಲೇ ಪೆಟ್ಟು ಬೀಳಬೇಕು. ಆದುದರಿಂದ ವೇಗವೇ ಇದರ ಜೀವಾಳ. ಟ್ರ್ಯಾಕ್ಟರಿನ ಹಿಂದಿನ ಪಿ.ಟಿ.ಓ. ದಂಡವು ಸಾಮಾನ್ಯವಾಗಿ ನಿಮಿಷಕ್ಕೆ ೫೪೦ ಸುತ್ತು ತಿರುಗುವುದು. ಗೇರುಪೆಟ್ಟಿಗೆ ಅದನ್ನು ಸುಮಾರು ೧೦೦೦ಕ್ಕೆ ಏರಿಸಿತೆಂದು ಇಟ್ಟುಕೊಳ್ಳೋಣ. ನಾಲ್ಕು ಅಡಿ, ಎಂದರೆ ೧೨೦ ಸೆಂಟಿಮೀಟರು ವ್ಯಾಸದಲ್ಲಿ ತಿರುಗುವ ಅಲಗಿನ ತುದಿಯು ಆಗ ಸೆಕೆಂಡಿಗೆ ೬೩ ಮೀಟರುಗಳಷ್ಟು, ಗಂಟೆಗೆ ಸುಮಾರು ೨೨೬ ಕಿಲೋಮೀಟರುಗಳಷ್ಟು ವೇಗದಲ್ಲಿ ಸಾಗುವುದು. ಮುಂದೆ ಹೇಳುವ ನಿಯಮಗಳೆಲ್ಲವೂ ಈ ಒಂದು ಲೆಕ್ಕದಿಂದ ಹುಟ್ಟಿದವು.

೪

ಚನ್ನಗಿರಿಯ ಅಡಿಕೆ ತೋಟವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅಡಿಕೆಯ ಬೇರುಗಳಲ್ಲಿ ಹೆಚ್ಚಿನವು ಬುಡದ ಹತ್ತಿರ, ಮೇಲ್ಮಣ್ಣಿನಲ್ಲಿಯೇ ಹರಡಿರುವುವು. ರೋಟವೇಟರಿನಿಂದ ಮತ್ತೆ ಮತ್ತೆ ಮಣ್ಣನ್ನು ಕೆದಕಿದರೆ ಕಳೆಯೊಂದಿಗೆ ಈ ಬೇರುಗಳೂ ತುಂಡಾಗುವುವು. ಇಳಿಜಾರಿನಲ್ಲಿ ಮಣ್ಣು ಮಳೆಗೆ ಕೊಚ್ಚಿಹೋಗುವುದು. ಹುಲ್ಲನ್ನು ಮೇಲಿನಿಂದ ಕೊಯ್ದು ಅಲ್ಲಿಯೇ ಬಿಟ್ಟರೆ ಬೇರಿಗೆ ಅಪಾಯವಿಲ್ಲ. ಕೊಚ್ಚಿದ ಹುಲ್ಲು ನೆಲಕ್ಕೆ ಹೊದಿಕೆಯಾಗಿ ತೇವವನ್ನು ಕಾಯುವುದು, ಕ್ರಮೇಣ ಗೊಬ್ಬರವಾಗುವುದು. ಯಂತ್ರದ ನಿಜವಾದ ಲಾಭ ಇಲ್ಲಿದೆ.

ಸಾಮಾನ್ಯವಾಗಿ ಗಿಡದಿಂದ ಗಿಡಕ್ಕೆ ೯ ಅಡಿಯ ಅಂತರವಿರುವುದು. ೪ ಅಡಿಯ ಯಂತ್ರವು ಸಾಲಿನ ನಡುವೆ ಒಮ್ಮೆ ಹಾದುಹೋದರೆ ಎರಡು ಪಕ್ಕಗಳಲ್ಲಿಯೂ ಎರಡೂವರೆ ಅಡಿಗಳಷ್ಟು ಉಳಿಯುವುದು. ಈ ಪಟ್ಟಿಯನ್ನು ಯಂತ್ರಕ್ಕೆ ಒಪ್ಪಿಸುವ ಆಸೆ ಬೇಡ. ಹನಿ ನೀರಾವರಿಯ ಕೊಳವೆಗಳು ಇರುವುದು ಅಲ್ಲಿಯೇ. ಮರದ ಬುಡಕ್ಕೆ ಗಾಯವಾದರೆ ಅದು ಮಾಯುವಂತಹುದಲ್ಲ. ಅಷ್ಟು ಭಾಗ ಕುಡುಗೋಲಿಗೇ ಸೇರಿದ್ದು.

ಕೆಲಸಕ್ಕೆ ಮೊದಲು ಸಾಲನ್ನು ಒಮ್ಮೆ ನಡೆದು ನೋಡತಕ್ಕದ್ದು. ಬಿದ್ದ ಸೋಗೆ, ಹಾಳೆ, ತೆಂಗಿನ ಮೊಟ್ಟೆ, ತಂತಿ, ಕಲ್ಲುಗಳನ್ನು ಎತ್ತಿಹಾಕಬೇಕು. ಬಸಿಗಾಲುವೆಯ ಅಂಚನ್ನು ಗುರುತಿಸಿಕೊಳ್ಳಬೇಕು. ಅಲಗಿಗೆ ತಾಗಿದ ಕಲ್ಲು ನೂರು ಅಡಿಗೂ ಹೆಚ್ಚು ದೂರ ಹಾರಬಲ್ಲುದು. ಹೊದಿಕೆಯ ಹಿಂದೆ ತೂಗುವ ಸರಪಣಿಗಳು ಇರುವುದು ಇದನ್ನು ತಡೆಯಲೆಂದೇ. ಅವನ್ನು ಕಳಚುವುದು, ಮಕ್ಕಳನ್ನು ಟ್ರ್ಯಾಕ್ಟರಿನ ಮೇಲೆ ಕೂರಿಸಿಕೊಳ್ಳುವುದು, ಯಂತ್ರದ ಹಿಂದೆ ಜನ ನಡೆಯಗೊಡುವುದು, ಈ ಮೂರೂ ಕೂಡದು.

ಇಂಜಿನ್ ನಿಧಾನವಾಗಿರುವಾಗ ಪಿ.ಟಿ.ಓ.ವನ್ನು ಕೂಡಿಸಿ, ಅನಂತರ ವೇಗವನ್ನು ೫೪೦ಕ್ಕೆ ಏರಿಸಬೇಕು. ಅಲಗಿನ ವೇಗ ಪೂರ್ಣವಾಗಿಯೂ ಚಕ್ರದ ವೇಗ ಸಣ್ಣದಾಗಿಯೂ ಇರತಕ್ಕದ್ದು. ಕೆಲವರು ಡೀಸೆಲ್ ಉಳಿಯಲೆಂದು ಇಂಜಿನನ್ನು ತಗ್ಗಿಸಿ ಓಡಿಸುವರು. ಆಗ ಅಲಗು ಹುಲ್ಲನ್ನು ಕೊಯ್ಯದೆ ಹರಿಯುವುದು, ಅದೇ ಸಾಲಿನಲ್ಲಿ ಮತ್ತೊಮ್ಮೆ ಹೋಗಬೇಕಾಗಿ ಉಳಿದ ಡೀಸೆಲ್ಲೂ ಹೋಗುವುದು. ಕೊಯ್ಲಿನ ಎತ್ತರ ಮೂರು ನಾಲ್ಕು ಅಂಗುಲವಿದ್ದರೆ ಸಾಕು. ನೆಲ ಹೆರೆಯುವಂತೆ ಇಳಿಸಿದರೆ ಅಲಗು ಮಣ್ಣನ್ನು ಕಡಿದು ಬೇಗ ಮೊಂಡಾಗುವುದು. ಡೆಕ್ಕಿನ ಎರಡು ಪಕ್ಕಗಳು ಸಮನಾಗಿದ್ದು, ಮುಂಭಾಗ ಹಿಂಭಾಗಕ್ಕಿಂತ ಸ್ವಲ್ಪ ತಗ್ಗಿರಬೇಕು. ಆಗ ಕೊಯ್ದ ಹುಲ್ಲು ಮತ್ತೆ ಅಲಗಿಗೆ ಸಿಕ್ಕದೆ ಹೊರಬೀಳುವುದು. ಹುಲ್ಲು ಒದ್ದೆಯಿರುವಾಗ ಕೊಯ್ದರೆ ಅದು ಡೆಕ್ಕಿನ ಒಳಮೈಗೆ ಮೆತ್ತಿಕೊಳ್ಳುವುದು.

೧೯೫೦ರ ದಶಕದಲ್ಲಿ ಪುಣೆಯ ಕಡೆ ಮೊದಲು ಗುರುತಿಸಲ್ಪಟ್ಟು ಅನಂತರ ದೇಶವನ್ನೆಲ್ಲ ವ್ಯಾಪಿಸಿದ ಪಾರ್ಥೇನಿಯಂ ಕಳೆಯನ್ನು, ಎಂದರೆ ಜನರು ಕಾಂಗ್ರೆಸ್ ಗಿಡವೆನ್ನುವುದನ್ನು, ಹೂ ಬಿಡುವುದಕ್ಕೆ ಮೊದಲೇ ಕೊಯ್ಯಬೇಕು. ಬೀಜ ಬಲಿತ ಮೇಲೆ ಯಂತ್ರವನ್ನು ಓಡಿಸಿದರೆ ಯಂತ್ರವೇ ಬಿತ್ತನೆ ಮಾಡಿದಂತಾಗುವುದು.

ಹೊನ್ನಾಳಿ, ನ್ಯಾಮತಿಗಳಲ್ಲಿ ಮೆಕ್ಕೆಜೋಳದ ತೆನೆ ಮುರಿದ ಮೇಲೆ ಉಳಿಯುವ ದಂಟನ್ನು ಸುಡದೆ ಸ್ಲ್ಯಾಷರಿನಿಂದ ಕೊಚ್ಚಿ ಹೊಲದಲ್ಲಿಯೇ ಬಿಡಬಹುದು. ಆದರೆ ಮನೆಯಲ್ಲಿ ದನವಿದ್ದರೆ ಮೊದಲು ಮೇವಿನ ಪಾಲನ್ನು ಕೈಯಿಂದ ಕೊಯ್ದು ತೆಗೆದಿಡಬೇಕು. ಜಗಳೂರಿನಂತಹ ಕಡೆ ಈ ಮಾತಿಗೆ ಇನ್ನೂ ಹೆಚ್ಚಿನ ಬೆಲೆಯುಂಟು. ಅಲ್ಲಿ ಬದುವಿನ ಹುಲ್ಲು ಇಂದಿಗೂ ಕುರಿದನಗಳ ಆಹಾರ. ಕೊಚ್ಚಿ ಮಣ್ಣಿನೊಡನೆ ಬೆರೆಸಿದ ಹುಲ್ಲನ್ನು ಯಾವ ದನವೂ ಮೂಸುವುದಿಲ್ಲ. ಕಲ್ಲು ಹೆಚ್ಚಿರುವ ಹೊಲದಲ್ಲಿ ಅಲಗಿಗೂ ಅಪಾಯ, ಆಳಿಗೂ ಅಪಾಯ. ಅಂತಹ ಎಡೆಯಲ್ಲಿ ಕುಡುಗೋಲೇ ತಕ್ಕ ಉಪಕರಣವೆಂದು ಹೇಳಲು ಸಂಕೋಚಪಡಬೇಕಾಗಿಲ್ಲ.

೫

ಇನ್ನು ಪಾಲನೆಯ ವಿಚಾರ. ಡೆಕ್ಕಿನ ಕೆಳಗೆ ಕೈಹಾಕುವ ಮೊದಲು ಪಿ.ಟಿ.ಓ. ಬಿಡಿಸಿ, ಇಂಜಿನ್ ನಿಲ್ಲಿಸಿ, ಕೀಲಿಕೈಯನ್ನು ಜೇಬಿಗೆ ಹಾಕಿಕೊಂಡು, ಅಲಗು ಪೂರ್ಣವಾಗಿ ನಿಂತಿತೇ ಎಂದು ನೋಡಬೇಕು. ಇಂಜಿನ್ ನಿಂತ ಮೇಲೆಯೂ ಅಲಗು ಕೆಲವು ಕ್ಷಣ ತಿರುಗುತ್ತಲೇ ಇರುವುದು. ಹೈಡ್ರಾಲಿಕ್ಕಿನಿಂದ ಎತ್ತಿ ನಿಲ್ಲಿಸಿದ ಯಂತ್ರದ ಕೆಳಗೆ ಮರದ ದಿಮ್ಮಿಗಳನ್ನು ಕೊಡದೆ ಯಾರೂ ನುಸುಳಕೂಡದು.

ಪ್ರತಿ ದಿನದ ಕೆಲಸದ ಕೊನೆಯಲ್ಲಿ ಒಳಮೈಗೆ ಮೆತ್ತಿದ ಹುಲ್ಲನ್ನು ಕೆರೆದು ತೆಗೆಯಬೇಕು. ಇಲ್ಲದಿದ್ದರೆ ತೇವ ನಿಂತು ತಗಡು ತುಕ್ಕು ಹಿಡಿಯುವುದು. ಎಂಟು ಹತ್ತು ಗಂಟೆಗಳ ಕೆಲಸಕ್ಕೊಮ್ಮೆ ಪಿ.ಟಿ.ಓ. ದಂಡದ ಕೀಲುಗಳಿಗೂ ಗ್ರೀಸು ಕಿಂಡಿಯುಳ್ಳ ಅಚ್ಚಿನ ಬೇರಿಂಗುಗಳಿಗೂ ಗ್ರೀಸು ಹಾಕಬೇಕು. ಗೇರುಪೆಟ್ಟಿಗೆಯ ಎಣ್ಣೆಯ ಮಟ್ಟವನ್ನು ಕೆಲಸಕ್ಕೆ ಮೊದಲು ನೋಡಬೇಕು. ಬೆಲ್ಟಿನ ಡೆಕ್ಕಾದರೆ ಬೆಲ್ಟು ಬಿರುಕುಬಿಟ್ಟಿದೆಯೇ, ಸಡಿಲವಾಗಿದೆಯೇ ಎಂದು ಪರೀಕ್ಷಿಸಬೇಕು. ಅದಕ್ಕೆ ಎಣ್ಣೆ ತಾಗಿಸಕೂಡದು.

ಅಲಗಿನ ವಿಷಯದಲ್ಲಿ ಹಳೆಯ ತಿಳಿವಳಿಕೆ ಅರ್ಧ ಮಾತ್ರ ಉಪಯೋಗಕ್ಕೆ ಬರುವುದು. ಸಾಣೆಹಿಡಿಯುವುದು ಸರಿ, ಮೊದಲಿದ್ದ ಓರೆಯನ್ನೇ ಉಳಿಸಿ, ಕ್ಷೌರದ ಕತ್ತಿಯಷ್ಟು ತೆಳುಮಾಡದೆ ತೀಡಬೇಕು. ಆದರೆ ಕುಡುಗೋಲಿನಂತೆ ಇದನ್ನು ಕುಲುಮೆಯಲ್ಲಿ ಕಾಯಿಸಿ ತಟ್ಟಲಾಗದು. ಕಾಯಿಸಿದರೆ ಉಕ್ಕಿನ ಹದ ಕೆಡುವುದು. ಬಿರುಕುಬಿಟ್ಟ ಅಲಗಿಗೆ ವೆಲ್ಡಿಂಗ್ ಮಾಡಿಸುವುದು ಆತ್ಮಘಾತುಕ. ಆ ವೇಗದಲ್ಲಿ ತುಂಡಾದ ಅಲಗು ಗುಂಡಿನಂತೆ ಹಾರುವುದು. ತೂಕದ ಸಮತೋಲವೂ ಅಗತ್ಯ. ಡೆಕ್ಕಿನ ಅಲಗನ್ನು ನಡುವಿನ ತೂತಿನಿಂದ ಮೊಳೆಗೆ ತೂಗುಹಾಕಿದಾಗ ಒಂದು ಕಡೆ ವಾಲಿದರೆ ಆ ಕಡೆಯನ್ನು ಇನ್ನೂ ಸ್ವಲ್ಪ ತೀಡಬೇಕು. ಸ್ಲ್ಯಾಷರಿನ ಅಲಗುಗಳನ್ನು ಜೋಡಿಯಾಗಿಯೇ ಬದಲಾಯಿಸಬೇಕು. ಸಮತೋಲ ತಪ್ಪಿದರೆ ಯಂತ್ರ ನಡುಗುವುದು. ನಡುಕವು ಬೇರಿಂಗನ್ನು ತಿನ್ನುವುದು. ಹೆಚ್ಚಿನ ಹೊರೆ ಬಿದ್ದಾಗ ತಾನು ಮುರಿದು ಗೇರುಗಳನ್ನು ಉಳಿಸುವ ಶಿಯರ್ ಬೋಲ್ಟಿನ ಜಾಗಕ್ಕೆ ಗಟ್ಟಿ ಬೋಲ್ಟು ಹಾಕುವುದು ಜಾಣತನವೆಂದು ತೋರಬಹುದು. ಮುಂದಿನ ಸಲ ಮುರಿಯುವುದು ಗೇರು.

ಈ ಲೇಖಕನ ಮನೆಯ ತೋಟದಲ್ಲಿಯೇ ನಡೆದುದನ್ನು ಹೇಳಬಹುದು. ಒಂದು ಮಳೆಗಾಲದಲ್ಲಿ ಹುಲ್ಲಿನಲ್ಲಿ ಮರೆಯಾಗಿದ್ದ ನೈಲಾನ್ ಹಗ್ಗದ ತುಂಡೊಂದು ಅಚ್ಚಿಗೆ ಸುತ್ತಿಕೊಂಡಿತು. ಯಂತ್ರ ನಿಲ್ಲಲಿಲ್ಲವಾದುದರಿಂದ ಯಾರೂ ಬಗ್ಗಿ ನೋಡಲಿಲ್ಲ. ಹಗ್ಗವು ಬಿಸಿಯಾಗಿ ಎಣ್ಣೆಯ ಸೀಲನ್ನು ಕೊರೆಯಿತು. ಎಣ್ಣೆ ದಿನಕ್ಕೆ ಕೆಲವು ಹನಿಗಳಂತೆ ಸೋರಿತು. ತಿಂಗಳು ಕಳೆಯುವುದರೊಳಗೆ ಗೇರುಪೆಟ್ಟಿಗೆ ಬಿಗಿದು ನಿಂತಿತು. ಎರಡು ನಿಮಿಷದ ನೋಟವನ್ನು ಉಳಿಸಿಕೊಂಡುದಕ್ಕೆ ಒಂದು ಹಂಗಾಮಿನ ಕೆಲಸವನ್ನೇ ತೆರಬೇಕಾಯಿತು. ತಪ್ಪು ಯಂತ್ರದ್ದಲ್ಲ, ನೋಡುವ ಕೆಲಸ ಇಂಥವರದೆಂದು ನಮ್ಮ ಮನೆಯಲ್ಲಿ ಗೊತ್ತಾಗಿರಲಿಲ್ಲ.

೬

ಈ ಸಣ್ಣ ಘಟನೆಯು ನಮ್ಮನ್ನು ಮತ್ತೆ ಆಯಗಾರ ಕಮ್ಮಾರನ ಬಳಿಗೆ ತರುವುದು. ಆಯದ ಪದ್ಧತಿಯನ್ನು ಹೊಗಳಿ ಮರಳಿ ಬಯಸುವುದು ಇಲ್ಲಿಯ ಉದ್ದೇಶವಲ್ಲ. ಅದು ಕಸುಬನ್ನು ಜಾತಿಗೆ ಕಟ್ಟಿಹಾಕಿದ ವ್ಯವಸ್ಥೆಯೂ ಹೌದು. ಆದರೆ ಉಪಕರಣವನ್ನು ನೋಡಿಕೊಳ್ಳುವವನು ಯಾರು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿದ್ದಿತು. ಯಂತ್ರವು ಆ ಉತ್ತರವನ್ನು ಅಳಿಸಿತು. ಹೊಸದನ್ನು ತಾನಾಗಿ ಕೊಡಲಿಲ್ಲ. ಇಂದು ಯಂತ್ರಗಳು ಬಾಡಿಗೆಗೆ ದೊರೆಯುತ್ತವೆ. ‘ಕೃಷಿ ಯಂತ್ರಧಾರೆ’ಯಂತಹ ಬಾಡಿಗೆ ಕೇಂದ್ರಗಳಿಂದ ಸಣ್ಣ ಹಿಡುವಳಿದಾರರಿಗೆ ಅನುಕೂಲವೂ ಆಗಿದೆ. ಆದರೆ ಗಂಟೆಯ ಲೆಕ್ಕದಲ್ಲಿ ಕೈಯಿಂದ ಕೈಗೆ ಹೋಗುವ ಯಂತ್ರಕ್ಕೆ ಗ್ರೀಸು ಹಾಕುವ ಗಂಟೆ ಯಾರ ಲೆಕ್ಕದಲ್ಲಿಯೂ ಸೇರದೆ ಹೋಗುವ ಸಂಭವವುಂಟು.

ಆದುದರಿಂದ ಪ್ರತಿಯೊಂದು ಯಂತ್ರದೊಡನೆ ಒಂದು ಸಣ್ಣ ದಿನಚರಿ ಪುಸ್ತಕವಿರುವುದು ಮೇಲು: ನಡೆದ ಗಂಟೆಗಳು, ಗ್ರೀಸು ಹಾಕಿದ ದಿನ, ಅಲಗು ತೀಡಿದ ದಿನ, ನೋಡಿದವರ ಹೆಸರು. ಯಾವ ಸಾಲನ್ನು ಯಂತ್ರಕ್ಕೆ ಬಿಟ್ಟರು, ಎಷ್ಟನ್ನು ಮೇವಿಗೆ ಉಳಿಸಿದರು ಎಂಬುದನ್ನೂ ಬರೆದರೆ ಇನ್ನೂ ಒಳ್ಳೆಯದು. ನಮ್ಮ ವಿದ್ಯಾರ್ಥಿಗಳು ರಜೆಯಲ್ಲಿ ತಂತಮ್ಮ ಮನೆಗಳಲ್ಲಿ ಇದನ್ನು ಪ್ರಾರಂಭಿಸಬಹುದು. ಅದು ಯಂತ್ರದ ಆಯುಸ್ಸನ್ನು ಹೆಚ್ಚಿಸುವುದು, ಕೈಕಾಲುಗಳನ್ನು ಕಾಯುವುದು. ಮುಂದೆ ಈ ಸೀಮೆಯ ಬೇಸಾಯದ ಚರಿತ್ರೆಯನ್ನು ಬರೆಯಲು ಕುಳಿತವರಿಗೆ, ಇಂದು ನಮಗೆ ಕಮ್ಮಾರನ ಕುಲುಮೆಯ ವಿಷಯದಲ್ಲಿ ದೊರೆಯದಿರುವ ಒಂದು ಲಿಖಿತ ಆಧಾರವನ್ನೂ ಒದಗಿಸುವುದು.